ಜಾಲಿ ಹಲ್ಲಿನ ಕರಗಸ

ಹುಲಿ ಉಗುರಿನ ಲಾಕೆಟ್ ಹಾಕಿಕೊಂಡವರ ಕೊರಳನ್ನು ಟಿವಿಯವರು ಇಡೀ ದಿನ ದೊಡ್ಡದು ಮಾಡಿ ತೋರಿಸುತ್ತಿದ್ದ ದಿನಗಳವು. ಸಿಂದಗಿಯ ಹೈಸ್ಕೂಲಿನಲ್ಲಿ ನಾನು ಒಂಬತ್ತನೆಯ ತರಗತಿಗೆ ಜೀವಶಾಸ್ತ್ರ ಹೇಳುತ್ತಿದ್ದಾಗ ತಮ್ಮನ ಫೋನ್ ಬಂತು. ಪಾಠದ ಹೊತ್ತಿನಲ್ಲಿ ಫೋನ್ ಮಾಡುವವನಲ್ಲ ಅವನು. ಅವನ ಹೆಂಡತಿಗೆ ಆಗ ಏಳು ತಿಂಗಳು ತುಂಬಿತ್ತು. ಹಿಂದಿನ ಎರಡು ಕೂಸುಗಳೂ ಉಳಿದಿರಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣವನ್ನು ಅಲ್ಲೇ ಒಗೆದು ಹೊರಗೆ ಓಡಿದೆ.

“ಅಕ್ಕಾ, ನಮ್ಮ ಮನ್ಯಾಗಿನ ಕರಗಸಕ್ಕ ಕೇಸ್ ಆಗ್ತೈತೇನು?” ಎಂದ.

ನನಗೆ ಮೊದಲು ಆದದ್ದು ಸಮಾಧಾನ, ಅದರ ಹಿಂದೆಯೇ ಸಿಟ್ಟು. “ಇದನ್ನ ಕೇಳಾಕ ಫೋನ್ ಮಾಡಿದಿ? ನನ್ನ ಜೀವ ಬಾಯಿಗೆ ಬಂದಿತ್ತಲ್ಲೋ” ಎಂದು ರೇಗಿದೆ. ತಮ್ಮ ಬಸ್ ಕಂಡಕ್ಟರ್. ಇಂಡಿ ಪಟ್ಟಣದಿಂದ ನಮ್ಮೂರು ತಾಂಬಾ ಮೇಲೆ ಸಿಂದಗಿಗೆ ಬರುವ ಬಸ್ಸಿನಲ್ಲಿ ಅವತ್ತು ಬೆಳಗಿನಿಂದ ಇದೇ ಮಾತಂತೆ. ಜಿಂಕೆ ಕೊಂಬು ಇಟ್ಟವರೂ ಒಳಗೆ, ಆನೆ ಬಾಲದ ಕೂದಲು ಕಟ್ಟಿಕೊಂಡವರೂ ಒಳಗೆ ಎಂದು ಯಾರೋ ಹೇಳಿದ್ದರು. “ಸರಕಾರಿ ನೌಕರಿ ಅಕ್ಕಾ ನಂದು. ಒಂದು ಕೇಸ್ ಬಿತ್ತಂದ್ರ ಮನಿಗೆ ಕಳಸ್ತಾರ” ಎಂದ. ಸಂಜೆ ಊರಿಗೆ ಬರ್ತೇನಿ, ಅಲ್ಲೀತನಕ ಯಾರ ಮುಂದೂ ಬಾಯಿ ಬಿಡಬೇಡ ಎಂದು ಹೇಳಿ ಫೋನ್ ಇಟ್ಟೆ. ಕೇಸ್ ಆಗಬಹುದು ಎಂಬುದು ನನಗೆ ಅವನಿಗಿಂತ ಮೊದಲೇ ಗೊತ್ತಿತ್ತು. ಮತ್ತೆ ತರಗತಿಗೆ ಹೋದಾಗ ಪಾಠ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದೇ ನೆನಪಾಗಲಿಲ್ಲ.

ಕರಗಸ ಎಂದರೆ ತಾಂಬಾದ ನಮ್ಮ ಮನೆಯಲ್ಲಿ ದೇವರ ಗೂಡಿನ ಪಕ್ಕದ ಗೋಡೆಗೆ ತೂಗುಹಾಕಿದ್ದ ವಸ್ತು. ತೋಳುದ್ದ ಇತ್ತು, ಅಂಗೈಯಷ್ಟು ಅಗಲ, ಎರಡೂ ಅಂಚಿಗೆ ಸಾಲಾಗಿ ಹಲ್ಲು. ನಮ್ಮ ಮುತ್ಯಾ, ಅಪ್ಪನ ಅಪ್ಪ, ಕುರಿ ಕಾಯುವವನು. ಹಿಂಡು ಹೊಡೆದುಕೊಂಡು ಘಟ್ಟ ಇಳಿದು ಕೊಂಕಣದವರೆಗೂ ಹೋಗುತ್ತಿದ್ದನಂತೆ. ಅಲ್ಲಿ ಸಮುದ್ರದ ದಂಡೆಯವರೊಬ್ಬರಿಗೆ ತಾನು ಹೊದ್ದುಕೊಂಡಿದ್ದ ಕಂಬಳಿ ಕೊಟ್ಟು ಇದನ್ನು ತಂದ. ಕಟ್ಟಿಗೆಯದೋ, ಕೋಡಿನದೋ, ಎಲುಬಿನದೋ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ. ಮನೆದೇವರ ಆಯುಧ ಎಂದು ಮುತ್ಯಾ ಹೇಳಿದ, ಅಲ್ಲಿಗೆ ಮುಗಿಯಿತು. ಮಹಾನವಮಿಗೆ ಅದಕ್ಕೆ ಕುಸುಬಿ ಎಣ್ಣೆ ಸವರಿ, ಭಂಡಾರದ ಅರಿಷಿಣ ಹಚ್ಚಿ, ಕುರಿಗಳ ಬೆನ್ನ ಮೇಲೆ ಒಮ್ಮೆ ಆಡಿಸುತ್ತಿದ್ದರು. ಮನೆಯಲ್ಲಿ ಕೂಸು ಹುಟ್ಟಿದರೆ ಐದನೆಯ ದಿನ ತೊಟ್ಟಿಲ ಕೆಳಗೆ ಇಡುತ್ತಿದ್ದರು. ಆ ದಿನ ಸಟವಿ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ. ಅವಳ ಬೆನ್ನು ಹತ್ತಿ ಬರುವ ಕೆಟ್ಟದ್ದನ್ನೆಲ್ಲ ಕರಗಸ ಬಾಗಿಲಲ್ಲೇ ಕೊಯ್ದು ಹಾಕುತ್ತದೆ ಎಂದು ನಂಬಿಕೆ. ಹೆರಿಗೆ ಇಂಡಿಯ ಆಸ್ಪತ್ರೆಯಲ್ಲಾದರೂ ಐದನೆಯ ದಿನಕ್ಕೆ ಕೂಸು ಮನೆಗೆ ಬರಲೇಬೇಕು. ನಾನೂ ತಮ್ಮನೂ ಆ ಕರಗಸದ ಮೇಲೆಯೇ ತೂಗಿಸಿಕೊಂಡವರು.

ಅದು ನಿಜವಾಗಿ ಏನು ಎಂಬುದು ನನಗೆ ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿನಿಯಿಂದ. ನಾನು ಮುದ್ದೇಬಿಹಾಳದ ಶಾಲೆಯಲ್ಲಿದ್ದಾಗ ನಾಲತವಾಡದಿಂದ ಬರುತ್ತಿದ್ದ ಹುಡುಗಿ. ಅವಳು ಸಮುದ್ರ ನೋಡಿರಲಿಲ್ಲ, ಪಾಠ ಹೇಳುವ ನಾನೂ ನೋಡಿರಲಿಲ್ಲ. ಮೀನಿನ ಪಾಠವನ್ನು ಕೃಷ್ಣಾ ಹಿನ್ನೀರಿನ ಒಂದು ಮೀನು ತರಿಸಿ, ಕೊಯ್ದು ತೋರಿಸಿ ಮುಗಿಸಿದ್ದೆ. ಎಲ್ಲರೂ ಮೂಗು ಮುಚ್ಚಿಕೊಂಡು ಹಿಂದೆ ಸರಿದಾಗ ಅವಳೊಬ್ಬಳು ಮುಂದೆ ಬಂದು ಕಿವಿರಿಗೆ ಬೆರಳಿಟ್ಟು ನೋಡಿದ್ದಳು. ಈಗ ಕರಾವಳಿಯಲ್ಲಿ ಶಾರ್ಕುಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಬೋಟುಗಳು ಬಂದರಿಗೆ ಬರುವ ಹೊತ್ತಿಗೆ ಅಲ್ಲಿ ನಿಂತು, ಮೀನಿನ ರಾಶಿಯಲ್ಲಿ ಶಾರ್ಕ್ ಕಂಡರೆ ಅಳತೆ ತೆಗೆದು, ಜಾತಿ ಗುರುತಿಸಿ, ಫೋಟೋ ತೆಗೆದುಕೊಳ್ಳುತ್ತಾಳೆ. ಆ ಫೋಟೋಗಳು ನನಗೂ ಬರುತ್ತವೆ.

ಶಾರ್ಕ್ ಎಂದರೆ ನನಗೆ ಅಲ್ಲಿಯವರೆಗೆ ಒಂದೇ ಪ್ರಾಣಿ, ಬಾಯಿ ತೆರೆದುಕೊಂಡು ಬರುವ ಬೂದು ಬಣ್ಣದ ರಾಕ್ಷಸ. ‘ಮೃದ್ವಸ್ಥಿ ಮೀನಿಗೆ ಉದಾಹರಣೆ ಶಾರ್ಕ್’ ಎಂದು ಮಕ್ಕಳಿಗೆ ಬರೆಸಿ ಕೈತೊಳೆದುಕೊಳ್ಳುತ್ತಿದ್ದೆ. ಈ ಹುಡುಗಿಯ ಫೋಟೋಗಳು ಬರತೊಡಗಿದ ಮೇಲೆ ನನ್ನ ತಲೆ ಕೆಟ್ಟಿತು. ಸುತ್ತಿಗೆಯಂಥ ತಲೆಯ ಎರಡು ತುದಿಗೆ ಎರಡು ಕಣ್ಣಿರುವುದು ಒಂದು. ಬಾಲವೇ ಮೈಯಷ್ಟು ಉದ್ದ ಇರುವುದು ಇನ್ನೊಂದು. ಮೈತುಂಬ ಪಟ್ಟೆಯಿರುವ, ನನ್ನ ಮೊಳಕೈ ಉದ್ದವೂ ಇಲ್ಲದ, ತಳದ ಮರಳಿನಲ್ಲಿ ಬೆಕ್ಕಿನ ಹಾಗೆ ಬಿದ್ದುಕೊಂಡಿರುವ ಸಾಧು ಜಾತಿಯೂ ಇದೆ. ಬಿಸಿಲೇ ಇಳಿಯದ ಆಳದಲ್ಲಿ ಮೈ ಮಿನುಗಿಸುತ್ತ ಓಡಾಡುವ ಗೇಣುದ್ದದವು ಇವೆ. ಎಲ್ಲಕ್ಕಿಂತ ದೊಡ್ಡದು ನಮ್ಮ ತಮ್ಮನ ಬಸ್ಸಿನಷ್ಟು ಉದ್ದ, ಕಂಬಳಿಯ ಮೇಲೆ ಜೋಳ ಚೆಲ್ಲಿದ ಹಾಗೆ ಬಿಳಿ ಚುಕ್ಕೆ, ತಿನ್ನುವುದು ಮಾತ್ರ ಕಣ್ಣಿಗೆ ಸರಿಯಾಗಿ ಕಾಣದಂಥ ಸಣ್ಣ ಜೀವಿಗಳನ್ನು. ಭೂಮಿಯ ಮೇಲೆ ಗಿಡಮರ ಬರುವ ಮೊದಲೇ ಈ ಕುಲ ಸಮುದ್ರದಲ್ಲಿತ್ತು ಎಂದೂ ಅವಳಿಂದಲೇ ತಿಳಿಯಿತು.

ಬೆರಗಿನ ಬೆನ್ನಿಗೇ ಚಿಂತೆ ಬಂತು. ಚಿಂತೆ ಮಾಡುವುದರಲ್ಲಿ ನನಗೆ ಯಾರೂ ಸಾಟಿಯಿಲ್ಲ. ಮಳೆ ಬಂದರೂ ಬಾರದಿದ್ದರೂ ನನಗೆ ನಿದ್ದೆ ಬರುವುದಿಲ್ಲ ಎಂದು ಅವ್ವ ಚಾಷ್ಟಿ ಮಾಡುತ್ತಾಳೆ. ಒಂದು ದಿನ ಒಂದು ಬುಟ್ಟಿಯ ಫೋಟೋ ಬಂತು. ಬುಟ್ಟಿ ತುಂಬ ಸುತ್ತಿಗೆ ತಲೆಯ ಮರಿಗಳು. “ಟೀಚರ್, ಹೊಟ್ಟಿ ಕೆಳಗ ಗಾಯ ಕಾಣತೈತಿ ನೋಡ್ರಿ. ಅದು ಹೊಕ್ಕಳಾ. ಇನ್ನೂ ಆರಿಲ್ರಿ” ಎಂದಿದ್ದಳು. ಕೆಲವು ಶಾರ್ಕುಗಳು ಮೊಟ್ಟೆ ಇಡುತ್ತವೆ, ಕೆಲವು ನಮ್ಮ ಹಾಗೆಯೇ ಹೊಕ್ಕುಳಬಳ್ಳಿ ಕೊಟ್ಟು ಹೆರುತ್ತವೆ. ಬೂತಾಯಿಯಂಥ ಮೀನು ಒಮ್ಮೆಗೆ ಸಾವಿರಾರು ಮೊಟ್ಟೆ ಇಟ್ಟು ತಿರುಗಿಯೂ ನೋಡದೆ ಹೋಗುತ್ತದೆ. ಇವಕ್ಕೆ ಒಂದು ಸಲಕ್ಕೆ ಕೆಲವೇ ಮರಿ. ಬಸಿರು ನಮ್ಮದಕ್ಕಿಂತ ಉದ್ದ. ಹೆರುವ ವಯಸ್ಸಿಗೆ ಬರಲು ನಮ್ಮ ಇಂಡಿಯ ನಿಂಬೆ ಗಿಡ ಫಲಕ್ಕೆ ಬರುವುದಕ್ಕಿಂತ ಎಷ್ಟೋ ಹೆಚ್ಚು ವರ್ಷ ಬೇಕು. ಅಷ್ಟರೊಳಗೆ ಬಲೆ. ಆ ಬುಟ್ಟಿಯನ್ನು ನೋಡಿದ ದಿನ ತಮ್ಮನ ಹೆಂಡತಿ ಮತ್ತೆ ಬಸುರಿ ಎಂಬ ಸುದ್ದಿಯೂ ಬಂದಿತ್ತು. ಸಂತೋಷ ಪಡಬೇಕಾದ ನಾನು ಹೆದರಿಕೊಂಡು ಕೂತಿದ್ದೆ.

ಆಮೇಲೆ ಕೆಲವು ವಾರಕ್ಕೆ ಅವಳು ಕಳಿಸಿದ್ದು ನಮ್ಮ ಮನೆಯ ಗೋಡೆಯ ಮೇಲಿದ್ದಂಥದೇ ವಸ್ತುವಿನ ಚಿತ್ರ. “ಇಂಥಾದ್ದು ಯಾರ ಮನ್ಯಾಗರೆ, ಗುಡ್ಯಾಗರೆ, ದರ್ಗಾದಾಗರೆ ಕಂಡ್ರ ಹೇಳ್ರಿ ಟೀಚರ್” ಎಂದು ಬರೆದಿದ್ದಳು. ಅದು ಗರಗಸ ಮೀನಿನ ಮೂತಿ. ಆ ಮೀನು ಶಾರ್ಕಿನಂತೆ ಕಂಡರೂ ತೊರಕೆ ಎಂಬ ಚಪ್ಪಟೆ ಮೀನಿನ ಪೈಕಿ, ಶಾರ್ಕುಗಳಿಗೆ ದಾಯಾದಿ. ಎಂಥ ಬಲೆಯಿದ್ದರೂ ಅದರ ಹಲ್ಲೇ ಮೊದಲು ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಇಡೀ ಕುಲದಲ್ಲಿ ಎಲ್ಲಕ್ಕಿಂತ ಮೊದಲು ಕಾಣೆಯಾದದ್ದು ಅದು. ಅವಳು ಇಷ್ಟು ವರ್ಷ ಬಂದರಿನಲ್ಲಿ ನಿಂತರೂ ಒಂದೇ ಒಂದನ್ನು ಕಂಡಿಲ್ಲ. ಯಾವ ಜಾತಿಯದು ಎಲ್ಲೆಲ್ಲಿ ಇತ್ತು ಎಂದು ತಿಳಿಯಬೇಕಾದರೆ ಗೋಡೆಗಳ ಮೇಲೆ ಉಳಿದಿರುವ ಹಳೆಯ ಮೂತಿಗಳನ್ನೇ ಹುಡುಕಬೇಕು. ಹುಲಿ, ಆನೆಗಳಿರುವ ಕಾನೂನಿನ ಸಾಲಿನಲ್ಲೇ ಆ ಮೀನೂ ಇದೆ ಎಂಬುದನ್ನೂ ಅವಳೇ ಹೇಳಿದ್ದಳು. ಮನೆಯಲ್ಲಿ ಇದನ್ನು ಹೇಳಿದಾಗ ಅವ್ವ ನಕ್ಕಿದ್ದಳು. “ಮೀನಿಗೆ ಇಂಥಾ ಮೂಗಾ? ಮತ್ತ ಉಣ್ಣೂದು ಹ್ಯಾಂಗ ಅದು?” ಎಂದಿದ್ದಳು. ತಮ್ಮನೂ ನಕ್ಕಿದ್ದ.

ಫೋನ್ ಬಂದ ದಿನ ಸಂಜೆ ತಾಂಬಾಕ್ಕೆ ಹೋದಾಗ ತಮ್ಮ ನಗುವ ಸ್ಥಿತಿಯಲ್ಲಿರಲಿಲ್ಲ. ಕರಗಸವನ್ನು ಗೋಡೆಯಿಂದ ಇಳಿಸಿ ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದ.

“ಭೀಮಾ ಹೊಳಿಗೆ ಒಗದು ಬರ್ತೇನಿ. ಇಲ್ಲಾಂದ್ರ ಒಲಿಗೆ ಹಾಕ್ತೇನಿ. ಬೂದಿಗೇನು ಕೇಸ್ ಹಾಕಂಗಿಲ್ಲಲ್ಲ” ಎಂದ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಅವನ ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಬಾಗೇವಾಡಿ ತಾಲ್ಲೂಕಿನ ಗೊಳಸಂಗಿಯ ಹುಡುಗಿ, ಮಾತು ಕಡಿಮೆ. ಅವತ್ತು ಗಂಡನ ಮುಂದೆ ನಿಂತು, “ಒಗೀರಿ ನೋಡೂಣು” ಎಂದಳು.

ಅವಳ ಲೆಕ್ಕ ಸರಳವಾಗಿತ್ತು. ಮೊದಲ ಎರಡು ಹೆರಿಗೆಗೂ ಪದ್ಧತಿಯಂತೆ ತವರಿಗೆ ಹೋಗಿದ್ದಳು. ಗೊಳಸಂಗಿಯ ತೊಟ್ಟಿಲ ಕೆಳಗೆ ಕರಗಸ ಇರಲಿಲ್ಲ. ಎರಡೂ ಕೂಸು ಐದನೆಯ ದಿನ ದಾಟಿದವು, ತಿಂಗಳು ದಾಟಲಿಲ್ಲ. ಈ ಸಲ ತವರಿಗೆ ಹೋಗುವುದಿಲ್ಲ, ಇಲ್ಲೇ ಹೆರುತ್ತೇನೆ, ಕರಗಸ ಇಟ್ಟೇ ತೊಟ್ಟಿಲು ಕಟ್ಟಬೇಕು ಎಂದು ಹಟ ಹಿಡಿದು ಉಳಿದಿದ್ದಳು. “ನಿಮ್ಮ ನೌಕರಿ ಹೋದ್ರ ಕೂಲಿ ಮಾಡೂಣು. ಕೂಸು ಹೋದ್ರ ಏನ್ ಮಾಡ್ತೀರಿ?” ಎಂದು ಕೇಳಿದಳು. ಎಲ್ಲರೂ ನನ್ನ ಮುಖ ನೋಡಿದರು, ಓದಿದಾಕೆ ಏನಾದರೂ ಹೇಳಲಿ ಎಂದು.

ನಾನು ಏನು ಹೇಳಲಿ? ಆ ಎರಡು ಕೂಸುಗಳು ಒಂಬತ್ತು ತಿಂಗಳು ತುಂಬುವ ಮೊದಲೇ ಹುಟ್ಟಿ, ತೂಕ ಸಾಲದೆ ಹೋದವು ಎಂದು ವೈದ್ಯರು ಹೇಳಿದ್ದನ್ನು ನಾನೇ ನಿಂತು ಕೇಳಿದ್ದೆ. ಕರಗಸಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ತರಗತಿಯಲ್ಲಾದರೆ ಗಟ್ಟಿಯಾಗಿ ಹೇಳುತ್ತಿದ್ದೆ. ಆದರೆ ಅವಳ ಬಿಗಿದ ಮುಖ ನೋಡಿದ ಮೇಲೆ ಧೈರ್ಯ ಬರಲಿಲ್ಲ. ಕರಗಸ ಹೋಗಿ ಕೂಸಿಗೆ ಏನಾದರೂ ಆದರೆ, ಅವಳು ನನ್ನನ್ನು ಬೈಯುವುದಿಲ್ಲ, ಆದರೆ ಜೀವಮಾನವಿಡೀ ಅದೇ ಮುಖದಿಂದ ನನ್ನನ್ನು ನೋಡುತ್ತಾಳೆ. ಇದ್ದರೆ ತಮ್ಮನ ಅನ್ನಕ್ಕೆ ಕಲ್ಲು. ಸುಟ್ಟರೆ, ಸಮುದ್ರದಲ್ಲೇ ಸಿಗದ ಜೀವದ ಕೊನೆಯ ಗುರುತೊಂದನ್ನು ನಮ್ಮ ಒಲೆಗೆ ಹಾಕಿದ ಪಾಪ.

ಹುಡುಗಿಗೆ ಫೋನ್ ಮಾಡಿದೆ. ಕಾನೂನಿಗೆ ಹೆದರಿ ಇಷ್ಟು ದಿನ ಅವಳಿಗೆ ಹೇಳದೆ ಇಟ್ಟುಕೊಂಡಿದ್ದನ್ನು, ನಮ್ಮ ಮನೆಯಲ್ಲೇ ಒಂದು ಇದೆ ಎಂಬುದನ್ನು ಹೇಳಿದೆ, ತಮ್ಮ ಅದನ್ನು ಸುಡಲು ಹೊರಟಿದ್ದಾನೆ ಎಂದೂ ಹೇಳಿದೆ. ಅವಳು ಗಾಬರಿಯಿಂದ, “ಸುಡಬ್ಯಾಡ್ರಿ ಟೀಚರ್, ಒಗೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ” ಎಂದಳು. ನಾವಾಗಿಯೇ ವಿಜಯಪುರದ ಅರಣ್ಯ ಕಚೇರಿಗೆ ತಿಳಿಸಿ ಒಪ್ಪಿಸುವುದೇ ಸರಿಯಾದ ದಾರಿ, ಅವರ ಒಪ್ಪಿಗೆ ಪಡೆದು ತಾನು ಬಂದು ನೋಡುತ್ತೇನೆ ಎಂದಳು. ಕೇಸ್ ಆಗುವುದಿಲ್ಲವಷ್ಟೇ ಎಂದು ಕೇಳಿದೆ. “ಆಗಂಗಿಲ್ಲ ಅಂತ ನಾ ಹ್ಯಾಂಗ ಹೇಳ್ಲಿ ಟೀಚರ್? ತಾವಾಗೇ ಕೊಟ್ಟವರನ್ನ ಅವರೂ ಮನುಷ್ಯರಂಗ ನೋಡ್ತಾರ ಅಂತ ಅನಿಸ್ತೈತಿ” ಎಂದಳು. ಸುಳ್ಳು ಧೈರ್ಯ ಹೇಳದ ಹುಡುಗಿ. ಆ ಹೊತ್ತಿನಲ್ಲಿ ಒಂದು ಸುಳ್ಳು ಹೇಳಿದ್ದರೆ ಬೇಕಾಗಿತ್ತು ಎನಿಸಿತು.

ಅವಳು ಬರುವವರೆಗೆ ಆ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ. ತಮ್ಮ ಕರಗಸವನ್ನು ಜೋಳದ ಚೀಲಗಳ ಸಂದಿಯಲ್ಲಿ ಇಟ್ಟು ಡ್ಯೂಟಿಗೆ ಹೋದರೆ ಹೆಂಡತಿ ಅದನ್ನು ತೆಗೆದು ಮತ್ತೆ ಗೋಡೆಗೆ ಹಾಕುತ್ತಿದ್ದಳು. ದನದ ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿದರೆ ಅಲ್ಲಿಂದಲೂ ಇಳಿಸಿ ತರುತ್ತಿದ್ದಳು, ತುಂಬಿದ ಬಸುರಿ ಏಣಿ ಹತ್ತಿ. ಅದನ್ನು ಕೇಳಿ ನಾನು ಫೋನಿನಲ್ಲೇ ಚೀರಿದೆ. ತಮ್ಮನಿಗೆ ಖಾಕಿ ಬಟ್ಟೆ ಕಂಡರೆ ಬೆವರು. ಒಂದು ದಿನ ಬಸ್ಸಿನ ಕನ್ನಡಿಯಲ್ಲಿ ತನ್ನದೇ ಖಾಕಿ ನೋಡಿ ಬೆಚ್ಚಿಬಿದ್ದನಂತೆ. ನಾನು ದಿನಾ ಫೋನ್ ಮಾಡಿ ಮೊದಲು ಅವಳ ಬಿಪಿ ಕೇಳುವುದು, ಆಮೇಲೆ ಕರಗಸ ಎಲ್ಲಿದೆ ಎಂದು ಕೇಳುವುದು. ಅವ್ವ ಒಬ್ಬಳೇ ನಿಶ್ಚಿಂತೆಯಾಗಿದ್ದಳು. “ದೇವರ ಆಯುಧಕ್ಕ ಪೊಲೀಸರು ಏನ್ ಮಾಡ್ತಾರ?” ಎನ್ನುತ್ತಿದ್ದಳು.

ಹುಡುಗಿ ಒಂದು ಭಾನುವಾರ ಬೆಳಿಗ್ಗೆ ತಮ್ಮ ದಿನಾ ಹೋಗುವ ಬಸ್ಸಿನಲ್ಲೇ ತಾಂಬಾಕ್ಕೆ ಬಂದಳು, ಅವನು ಅವತ್ತು ರಜೆ ಹಾಕಿದ್ದ. ಚಪ್ಪಲಿ ಬಿಟ್ಟು ಒಳಗೆ ಬಂದವಳು ಅವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಕೊಟ್ಟ ಚಹಾ ಮುಟ್ಟಲಿಲ್ಲ. ಕರಗಸವನ್ನು ಪಡಸಾಲೆಯ ಬೆಳಕಿಗೆ ತಂದು ಬಿಳಿ ಬಟ್ಟೆಯ ಮೇಲೆ ಇಟ್ಟರು. ಹುಡುಗಿ ಕೈಗವಸು ಹಾಕಿಕೊಂಡಳು. ತುದಿಯಿಂದ ಬುಡದವರೆಗೆ ಹಲ್ಲು ಎಣಿಸಿದಳು, ಇನ್ನೊಂದು ಬದಿ ಎಣಿಸಿದಳು, ಹಲ್ಲಿನ ನಡುವಿನ ಅಂತರ ಅಳೆದಳು. ಹಲ್ಲಿನ ಎಣಿಕೆಯಿಂದಲೇ ಜಾತಿ ಗುರುತಿಸುವುದಂತೆ. ಎಣಿಸಿ ಎಣಿಸಿ ಅವಳ ಮುಖ ಕೆಂಪಾಯಿತು.

“ಟೀಚರ್, ಇದು ಯಾವ ಜಾತಿಗೂ ಕೂಡವಲ್ದು. ಮೂತಿ ಸಪೂರ ಐತಿ, ಹಲ್ಲು ಮಾತ್ರ ಬುಡದ ತನಕ ಅದಾವ. ಹಿಂಗ ಇರಾಕ ಬರಂಗಿಲ್ಲ. ಯಾರೂ ಕಂಡಿರದ್ದು ಏನರೆ...” ಎಂದು ಅರ್ಧಕ್ಕೆ ನಿಲ್ಲಿಸಿದಳು. ಕಣ್ಣು ಹೊಳೆಯುತ್ತಿದ್ದವು. ನಮ್ಮ ತಾಂಬಾದ ಗೋಡೆಯ ಮೇಲೆ ಜಗತ್ತಿಗೇ ಗೊತ್ತಿಲ್ಲದ ಜಾತಿ!

ಅವ್ವ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು. “ಬುಡದ ಹಲ್ಲ ಏನವಾ? ಅವು ಜಾಲಿ ಹಲ್ಲ” ಎಂದಳು.

ಎಲ್ಲರೂ ಅವಳ ಕಡೆ ತಿರುಗಿದೆವು.

“ನಿಮ್ಮ ಮುತ್ಯಾ ತಂದಾಗ ಬುಡದಾಗ ಹಲ್ಲೇ ಇರಲಿಲ್ಲಂತ. ಬೊಚ್ಚ ಬಾಯಿ ಆಯುಧ ದೇವರಿಗೆ ಹ್ಯಾಂಗ ಇಡೂದು ಅಂತ ಬಡಿಗ್ಯಾಗ ಹೇಳಿ ಜಾಲಿ ಕಟಿಗಿದು ಮಾಡಿಸಿ ಕೂಡಿಸ್ಯಾನ. ಚಂದ ಕೂಡಿಸ್ಯಾನಿಲ್ಲ?” ಎಂದಳು, ಹೆಮ್ಮೆಯಿಂದ.

ಹುಡುಗಿ ಕರಗಸವನ್ನು ಕೆಳಗಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೇನೋ ಎಂದುಕೊಂಡೆ, ನಗುತ್ತಿದ್ದಳು. ಬುಡದಲ್ಲಿ ಹಲ್ಲು ಇಲ್ಲದಿರುವುದೇ ಆ ಸಪೂರ ಮೂತಿಯ ಜಾತಿಯ ಗುರುತಂತೆ. ದೇವರು ಬಿಟ್ಟ ಜಾಗವನ್ನು ನಮ್ಮ ಬಡಿಗ ತಿದ್ದಿಬಿಟ್ಟಿದ್ದ. ತಲೆಮಾರಿನ ಎಣ್ಣೆ, ಅರಿಷಿಣ ಕುಡಿದು ಜಾಲಿ ಹಲ್ಲು ಯಾವುದು, ಮೀನಿನ ಹಲ್ಲು ಯಾವುದು ಎಂದು ಕಣ್ಣಿಗೆ ತಿಳಿಯದ ಹಾಗಾಗಿತ್ತು. ಕಟ್ಟಿಗೆಯದನ್ನು ತೆಗೆದು ನೋಡಲೇ ಎಂದು ಅವಳು ಅವ್ವನನ್ನು ಕೇಳಿದಳು. ಅವ್ವ ಸೊಸೆಯ ಕಡೆ ನೋಡಿದಳು. ಸೊಸೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ತಮ್ಮ ಪಕ್ಕಡ ತಂದು ಕೊಟ್ಟ. ಒಂದೊಂದನ್ನೇ ಅಲುಗಾಡಿಸಿ ಕಿತ್ತಾಗ ಒಂದು ಹಿಡಿಯಷ್ಟು ಜಾಲಿ ಹಲ್ಲು ಬಟ್ಟೆಯ ಮೇಲೆ ಬಿದ್ದವು.

ಕರಗಸದ ಬುಡ ಬೋಳಾಯಿತು. ಈಗ ಅದು ಆಯುಧದ ಹಾಗೆ ಕಾಣಲಿಲ್ಲ. ಒಂದು ಪ್ರಾಣಿಯ ಮುಖದ ತುಂಡು ಎಂದು ನೋಡಿದವರಿಗೆ ತಿಳಿಯುತ್ತಿತ್ತು. ಹುಡುಗಿ ಅದರ ಅಡಿಯಲ್ಲಿ ಬೆರಳಾಡಿಸಿ ಅವ್ವನಿಗೆ, “ಬಾಯಿ ಇದರ ಹಿಂದ, ಕೆಳಗ ಇರತೈತ್ರಿ ಅಮ್ಮಾ. ಇದರಿಂದ ರಾಡ್ಯಾಗಿನ ಮೀನು ಹುಡುಕಿ, ಹೊಡದು ಉಣ್ಣತೈತ್ರಿ” ಎಂದು ಹೇಳಿದಳು. ಅವ್ವನ ಬಹಳ ದಿನದ ಪ್ರಶ್ನೆಗೆ ಉತ್ತರ ಸಿಕ್ಕಿತು.

ಅಷ್ಟರವರೆಗೆ ಕಂಬಕ್ಕೆ ಒರಗಿ ನಿಂತಿದ್ದ ತಮ್ಮನ ಹೆಂಡತಿ ಮೊದಲ ಸಲ ಮಾತಾಡಿದಳು. “ಇದು ತತ್ತಿ ಇಡತೈತೇನ್ರಿ?”

“ಇಲ್ರಿ, ಹಡೀತೈತಿ.”

“ಈ ಹಲ್ಲಿನ ಮೂತಿ ಇಟಗೊಂಡು ಮರಿ ಹೊಟ್ಟ್ಯಾಗ ಹ್ಯಾಂಗ ಇರತಾವ್ರಿ? ತಾಯಿ ಹೊಟ್ಟಿ ಹರಿಯೂದಿಲ್ಲ?”

ಜೀವಶಾಸ್ತ್ರ ಓದಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಹುಡುಗಿ ಅವಳ ಹತ್ತಿರ ಹೋಗಿ ಕೂತು, ಕೈಗವಸು ತೆಗೆದು, ತನ್ನ ಒಂದು ಕೈಯನ್ನು ಇನ್ನೊಂದು ಕೈಯಿಂದ ಸುತ್ತಿ ತೋರಿಸಿದಳು. ಹುಟ್ಟುವಾಗ ಮರಿಯ ಗರಗಸ ಮೆತ್ತಗಿರುತ್ತದೆ, ಅದರ ಮೇಲೆ ಲೋಳೆಯಂಥ ಒಂದು ಪೊರೆ ಕವಿದಿರುತ್ತದೆ, ತಾಯಿಗೆ ಗೀರೂ ಬೀಳಬಾರದೆಂದು. ಹುಟ್ಟಿದ ಮೇಲೆ ಆ ಪೊರೆ ಕಳಚಿ ಹೋಗುತ್ತದೆ. ತಮ್ಮನ ಹೆಂಡತಿ ಕೇಳುತ್ತ ಕೇಳುತ್ತ ತನಗೇ ತಿಳಿಯದೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

“ಇದೂ ಹಡದಾಕೀನೇನು?” ಎಂದಳು ಕರಗಸದ ಕಡೆ ನೋಡುತ್ತ.

“ಗಂಡೋ ಹೆಣ್ಣೋ ಅನ್ನೂದು ಮೂತಿ ನೋಡಿ ಹೇಳಾಕ ಬರಂಗಿಲ್ರಿ. ವಯಸ್ಸಿಗಂತೂ ಬಂದಿತ್ತು.”

“ಹಂಗಾರ ಹಡದಾಕೀನ” ಎಂದು ಅವಳೇ ತೀರ್ಮಾನಿಸಿದಳು. ಆಮೇಲೆ, “ಅದರ ಮರಿ?” ಎಂದಳು. ಹುಡುಗಿ ಅಳತೆಪಟ್ಟಿ ಸುತ್ತಿ ಚೀಲದಲ್ಲಿಟ್ಟಳು.

ಆ ಮಧ್ಯಾಹ್ನ ಊಟವಾದ ಮೇಲೆ ತಮ್ಮನ ಹೆಂಡತಿ ಅಡುಗೆಮನೆಯಲ್ಲಿ ನನಗೆ, “ಅಕ್ಕಾರ, ಒಯ್ಯಲಿ ಬಿಡ್ರಿ” ಎಂದಳು. ನಾನು ಪಾತ್ರೆ ಒರೆಸುತ್ತಿದ್ದವಳು ಹಾಗೇ ನಿಂತೆ. ಹೆರಿಗೆ ಆಗಲಿ, ಐದನೆಯ ದಿನ ಮುಗಿಯಲಿ, ಆಮೇಲೆ ಒಪ್ಪಿಸೋಣ ಎಂದು ನಾನೇ ಹೇಳುವವಳಿದ್ದೆ. “ನನ್ನ ಕೂಸು ಕಾಯಲಿ ಅಂತ ಇನ್ನೊಬ್ಬಾಕಿ ಮಾರಿ ಕೊಯ್ದು ತೊಟ್ಟಲ ಕೆಳಗ ಇಡೂದು ನನಗ ಸೇರಂಗಿಲ್ರಿ. ಹೆದರಿಕಿ ಐತಿ. ಭಾಳ ಹೆದರಿಕಿ ಐತಿ. ಆದ್ರೂ ಒಯ್ಯಲಿ” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಪಡಸಾಲೆಗೆ ಬಂದು ಜಾಲಿ ಹಲ್ಲುಗಳನ್ನು ಮಾತ್ರ ಎತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. “ಇವು ನಮ್ಮೂವಲ್ಲ? ಇವಕ್ಕ ಕೇಸ್ ಇಲ್ಲಲ್ಲ?” ಎಂದು ಹುಡುಗಿಯನ್ನು ಕೇಳಿದಳು. ಇಲ್ಲ ಎಂದು ಅವಳು ತಲೆಯಾಡಿಸಿದಳು.

ಮರುದಿನ ತಮ್ಮ ಮದುವೆಯ ಬಿಳಿ ಅಂಗಿ ಹಾಕಿಕೊಂಡು ವಿಜಯಪುರಕ್ಕೆ ಹೊರಟ. ನಾನೂ ಹುಡುಗಿಯೂ ಜೊತೆಗೆ. ಅಧಿಕಾರಿ ಒಳ್ಳೆಯ ಮಾತಿನವರು. ಎಲ್ಲ ಕೇಳಿ ಬರೆದುಕೊಂಡರು, ಕರಗಸವನ್ನು ತೆಗೆದುಕೊಂಡರು, ಮೇಲಿನವರಿಗೆ ತಿಳಿಸುತ್ತೇವೆ, ಬೇಕಾದರೆ ಕರೆಯುತ್ತೇವೆ ಎಂದರು. ‘ಬೇಕಾದರೆ’ ಎಂದರೇನು ಎಂದು ತಮ್ಮ ದಾರಿಯುದ್ದಕ್ಕೂ ನನ್ನನ್ನು ಕೇಳಿದ. ಈ ಹೊತ್ತಿನವರೆಗೂ ಕರೆದಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಅವನು ಈಗಲೂ ಮೊದಲು ನನಗೆ ಫೋನ್ ಮಾಡಿ, ಎತ್ತಲೇ ಎಂದು ಕೇಳುತ್ತಾನೆ.

ಮನೆಯ ಗೋಡೆಯ ಮೇಲೆ ಕರಗಸದ ಆಕಾರದ ಬಿಳಿ ಗುರುತು ಉಳಿಯಿತು. ಹೆರಿಗೆ ನೋವು ಬಂದ ದಿನ ಇಂಡಿಯ ಆಸ್ಪತ್ರೆಯ ಜಗುಲಿಯಲ್ಲಿ ಕೂತು ನಾನು ಬೇಡದ್ದನ್ನೆಲ್ಲ ಯೋಚಿಸಿದೆ. ಈ ಸಲವೂ ಹಾಗೇ ಆದರೆ ತಾಂಬಾಕ್ಕೆ ಯಾವ ಮುಖ ಹೊತ್ತು ಹೋಗಲಿ ಎಂದುಕೊಂಡೆ. ಅಳುವ ದನಿ ಕೇಳಿದಾಗ ಅದು ಬೇರೆಯವರ ಕೂಸು ಎಂದೇ ಎಣಿಸಿದ್ದೆ. ನರ್ಸ್ ಹೊರಗೆ ಬಂದು ನಮ್ಮ ಹೆಸರು ಕೂಗಿದಳು. ಹೆಣ್ಣು ಕೂಸು, ತಿಂಗಳು ತುಂಬಿದ್ದು, ತೂಕವೂ ಸರಿಯಿತ್ತು. ತಮ್ಮ ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತ. ನಾನು ಅವನನ್ನು ಬೈದೆ, ಆಮೇಲೆ ನಾನೂ ಅತ್ತೆ.

ಐದನೆಯ ದಿನ ಸಂಜೆ ಮನೆಯಲ್ಲಿ ತೊಟ್ಟಿಲು ಕಟ್ಟಿದರು. ಅವ್ವ ದೀಪ ಹಚ್ಚಿ ಸಟವಿಯ ಪೂಜೆ ಮಾಡಿದಳು. ಬಾಣಂತಿ ಜಾಲಿ ಹಲ್ಲಿನ ಗಂಟನ್ನು ತಂದು ತೊಟ್ಟಿಲ ಕೆಳಗೆ ಇಟ್ಟಳು. “ಆಯುಧ ಹೋತು, ಬಡಿಗ್ಯಾನ ಕೆಲಸ ಉಳೀತು” ಎಂದು ಅವ್ವ ಗೊಣಗಿದಳು, ಆದರೂ ಗಂಟಿಗೆ ಅರಿಷಿಣ ಹಚ್ಚಿದಳು. ಎಲ್ಲರೂ ಅತ್ತಿತ್ತ ಹೋದ ಮೇಲೆ ನಾನು ಬಗ್ಗಿ, ಗಂಟು ಇಟ್ಟಲ್ಲೇ ಇದೆಯೇ ಎಂದು ಕೈಹಾಕಿ ನೋಡಿದೆ. ಇತ್ತು. ಆಮೇಲೆ ಇನ್ನೊಮ್ಮೆ ನೋಡಿದೆ.

ಅಷ್ಟರಲ್ಲಿ ಹುಡುಗಿಯ ಫೋನ್. ಬಂದರಿನ ಗದ್ದಲ ಕೇಳುತ್ತಿತ್ತು. “ಕೂಸು ಹ್ಯಾಂಗೈತ್ರಿ ಟೀಚರ್?” ಎಂದಳು. ಚೆನ್ನಾಗಿದೆ, ಹಾಲು ಕುಡಿಯುತ್ತಿದೆ ಎಂದೆ. ಕರಗಸ ಅವರ ಸಂಸ್ಥೆಗೆ ಬಂದಿದೆಯಂತೆ. ಬುಡದ ಮೃದ್ವಸ್ಥಿಯಿಂದ ಚಿಟಿಕೆಯಷ್ಟು ಪುಡಿ ತೆಗೆದು ಪರೀಕ್ಷೆಗೆ ಕಳಿಸಿದ್ದಾರಂತೆ. ಎಂದಿನಂತೆ ನಾನು ಕೇಳಿದೆ, “ಇವತ್ತರೆ ಆ ಮೀನು ಕಂಡಿತೇನು?” ಅವಳು ಎಂದಿನಂತೆ, “ಇಲ್ಲ ಟೀಚರ್” ಎಂದಳು.

ತೊಟ್ಟಿಲು ತೂಗುತ್ತಿದ್ದ ತಮ್ಮನ ಹೆಂಡತಿ ಕೈ ನಿಲ್ಲಿಸಿದಳು. “ಒಂದೂ ಸಿಕ್ಕಿಲ್ಲಂತೇನ್ರಿ ಅಕ್ಕಾರ?”

ನಾನು ತಲೆಯಾಡಿಸಿದೆ. ಅವಳು ಬಗ್ಗಿ ಗಂಟು ಬಿಚ್ಚಿ, ಒಂದು ಜಾಲಿ ಹಲ್ಲು ಆರಿಸಿ ನನ್ನ ಅಂಗೈಯಲ್ಲಿಟ್ಟಳು. ಉಳಿದದ್ದನ್ನು ಮತ್ತೆ ಕಟ್ಟಿ ತೊಟ್ಟಿಲ ಕೆಳಗೆ ಸರಿಸಿದಳು.

“ಇದನ್ನ ಆಕಿಗೆ ಕಳಸ್ರಿ. ಸಮುದ್ರಕ್ಕ ಹಾಕಲಿ. ಎಲ್ಲ್ಯರೆ ಒಂದು ಉಳಿದಿದ್ರ, ಅದೂ ಹಡದಿದ್ರ, ಅದರ ಮರಿ ಕೆಳಗೂ ಏನರೆ ಇರಬೇಕಲ್ರಿ” ಎಂದಳು.

ನಾನು ಜೀವಶಾಸ್ತ್ರದ ಟೀಚರ್. ಹಲ್ಲನ್ನು ಕರವಸ್ತ್ರದ ತುದಿಗೆ ಬಿಗಿಯಾಗಿ ಕಟ್ಟಿಕೊಂಡೆ. ಮರುದಿನ ಸಿಂದಗಿಗೆ ಹೋದ ಕೂಡಲೇ ಕಳಿಸಿದೆ. ಮುಟ್ಟಿತೇ ಎಂದು ಅವಳಿಗೆ ದಿನಾ ಫೋನ್ ಮಾಡಿ ಕೇಳಿದೆ, ಮುಟ್ಟುವವರೆಗೂ.